ಗ್ರಾನೈಟ್ ಅಡುಗೆ ಕಟ್ಟೆ: ಕೊಳ್ಳುವಾಗ, ಕೂರಿಸುವಾಗ, ತೊಳೆಯುವಾಗ

ಗ್ರಾನೈಟ್ ಕಟ್ಟೆಯಲ್ಲಿ ಕಲ್ಲು ತಾನಾಗಿ ಕೆಡುವುದು ತೀರಾ ಅಪರೂಪ. ಕೆಡುವುದು ಕಲ್ಲು ಕತ್ತರಿಸಿದ ಮೂಲೆ, ಕೆಳಗೆ ಆಸರೆ ಇಲ್ಲದ ಜಾಗ, ಎರಡು ಹಾಸು ಕೂಡುವ ಸಂದು, ಮೇಲಿನ ಹೊಳಪು. ಇವುಗಳಲ್ಲಿ ಮೊದಲ ಮೂರರ ಹಣೆಬರಹ ಕಟ್ಟೆ ಕೂರಿಸಿದ ದಿನವೇ ಬರೆದಾಗಿರುತ್ತದೆ. ಹೊಳಪು ಮಾತ್ರ ದಿನಾ ಒರೆಸುವವರ ಕೈಯಲ್ಲಿದೆ. ಅದಕ್ಕೇ ಸೋಪು, ಬಟ್ಟೆಯ ಮಾತಿಗೆ ಮೊದಲು ಕಲ್ಲಿನ ಯಾರ್ಡಿಗೆ ಹೋಗಬೇಕು.

ಗ್ರಾನೈಟಿನ ಗಡಸುತನ ಬರುವುದು ಅದರೊಳಗಿನ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಖನಿಜಗಳಿಂದ. ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6. ಮನೆಯ ಸಾಮಾನ್ಯ ಚಾಕು 5.5ರ ಆಸುಪಾಸು. ಹಾಗಾಗಿ ಕಟ್ಟೆಯ ಮೇಲೇ ಈರುಳ್ಳಿ ಹೆಚ್ಚಿದರೆ ಕಲ್ಲಿಗೆ ಗೀರು ಬೀಳುವುದಿಲ್ಲ, ಚಾಕುವಿನ ಬಾಯಿ ಮೊಂಡಾಗುತ್ತದೆ. ಆಗ ಕಾಣುವ ಬೂದು ಗೆರೆ ಗೀರಲ್ಲ, ಚಾಕುವಿನಿಂದ ಸವೆದು ಕಲ್ಲಿಗೆ ಅಂಟಿದ ಉಕ್ಕು. ಅಡುಗೆ ಸೋಡಕ್ಕೆ ಎರಡು ಹನಿ ನೀರು ಬೆರೆಸಿ ಬೆರಳಲ್ಲಿ ತಿಕ್ಕಿದರೆ ಹೋಗುತ್ತದೆ.

ಆದರೆ ಗಡಸಾದದ್ದು ಮುರಿಯುವುದಿಲ್ಲ ಎಂದೇನಿಲ್ಲ. ಅಮೆರಿಕದ ಎ.ಎಸ್.ಟಿ.ಎಂ. ಸಿ615 ಮಾನದಂಡ ಗ್ರಾನೈಟಿನಿಂದ ಬಯಸುವ ಕನಿಷ್ಠ ಒತ್ತಡ ತಡೆಯುವ ಶಕ್ತಿ 131 ಮೆಗಾಪಾಸ್ಕಲ್. ಬಾಗಿಸುವ ಬಲವನ್ನು ತಡೆಯುವ ಶಕ್ತಿ ಬರೀ 10.34. ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆಯುವ ಕಲ್ಲು, ಕೆಳಗೆ ಟೊಳ್ಳಿದ್ದರೆ ಅದರ ಹದಿಮೂರನೇ ಒಂದು ಪಾಲಿಗೇ ಸೀಳಿಬಿಡುತ್ತದೆ. ಮುಂದೆ ಆಸರೆಯ ಬಗ್ಗೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಯಾರ್ಡಿನಲ್ಲಿ

ಅಂಗಡಿಯ ಭಾಷೆಯಲ್ಲಿ ಗ್ರಾನೈಟ್ ಎನ್ನುವುದೆಲ್ಲ ಭೂವಿಜ್ಞಾನಿಯ ಲೆಕ್ಕಕ್ಕೆ ಗ್ರಾನೈಟ್ ಅಲ್ಲ. ಚಾಮರಾಜನಗರದ ಹೆಸರಾಂತ ಕಪ್ಪು ಕಲ್ಲು ಡಾಲರೈಟ್ ಜಾತಿಯದು. ಆಂಧ್ರದ ಚೀಮಕುರ್ತಿಯಿಂದ ಬರುವ, ಹೊಂಬಣ್ಣದ ಚುಕ್ಕೆಗಳ ಬ್ಲ್ಯಾಕ್ ಗ್ಯಾಲಕ್ಸಿ ಗ್ಯಾಬ್ರೊ ಜಾತಿಯದು. ಕನಕಪುರದ ಕಡೆಯ ಅಲೆಅಲೆಯಾದ ಮಲ್ಟಿಕಲರ್ ಕಲ್ಲು ನೈಸ್ ಜಾತಿಗೆ ಸೇರುತ್ತದೆ. ಇಳಕಲ್ ಸುತ್ತಲಿನ ಕೆಂಪು ಮಾತ್ರ ನಿಜಕ್ಕೂ ಗ್ರಾನೈಟ್. ಹೆಸರು ಹೇಗೇ ಇರಲಿ, ಇವೆಲ್ಲ ಅಡುಗೆಮನೆಗೆ ಸಲ್ಲುವ ಕಲ್ಲುಗಳೇ. ವ್ಯತ್ಯಾಸ ಇರುವುದು ನೀರು, ಎಣ್ಣೆ ಹೀರುವುದರಲ್ಲಿ. ದಟ್ಟ ಕಪ್ಪು ಕಲ್ಲು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಬಿಳಿ, ತಿಳಿಬೂದು, ಕೆನೆ ಬಣ್ಣದವು ಹೆಚ್ಚು ಹೀರುತ್ತವೆ, ಹೀರಿದ್ದನ್ನು ಎತ್ತಿ ತೋರಿಸುತ್ತವೆ ಕೂಡ. ದಿನಾ ಎರಡು ಹೊತ್ತು ಒಗ್ಗರಣೆ ಸಿಡಿಯುವ ಮನೆಗೆ ಬಿಳಿ ಗ್ರಾನೈಟ್ ಹಾಕಿಸುವುದು ಬಣ್ಣದ ಮೋಹವೇ ಹೊರತು ಅನುಕೂಲವಲ್ಲ.

ಕಪ್ಪಿನಲ್ಲಿ ಇನ್ನೊಂದು ಮೋಸವಿದೆ. ಬೂದು ಬಣ್ಣದ ಅಗ್ಗದ ಕಲ್ಲಿಗೆ ಬಣ್ಣ ಹಚ್ಚಿ ಕಪ್ಪು ಎಂದು ಮಾರುವವರಿದ್ದಾರೆ. ವರ್ಷ ಕಳೆಯುವಷ್ಟರಲ್ಲಿ ಸಿಂಕಿನ ಸುತ್ತ ಬಿಳಿಚಿಕೊಂಡು ನಿಜಬಣ್ಣ ಬಯಲಾಗುತ್ತದೆ. ಬಿಳಿ ಹತ್ತಿಗೆ ಅಸಿಟೋನ್ ಅದ್ದಿ ಹಾಸಿನ ಮೂಲೆಯಲ್ಲಿ ಒತ್ತಿ ಒರೆಸಿ. ಹತ್ತಿಗೆ ಕಪ್ಪು ಅಂಟಿದರೆ ಅಲ್ಲಿಂದ ಎದ್ದು ಬನ್ನಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇದ್ದರೆ ಅದೂ ಆದೀತು.

ಇನ್ನೆರಡು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಯಾರ್ಡಿನಿಂದ ಅಂಗೈಯಗಲದ ತುಂಡೊಂದನ್ನು ಕೇಳಿ ತನ್ನಿ, ಬೇಡಿದರೆ ಸುಮ್ಮನೆ ಕೊಡುತ್ತಾರೆ. ಒಂದು ಬದಿಗೆ ನಿಂಬೆರಸ ಹಿಂಡಿ 10 ನಿಮಿಷ ಬಿಟ್ಟು ಒರೆಸಿ. ಅಲ್ಲಿ ಹೊಳಪು ಮಾಸಿದರೆ ಅದರಲ್ಲಿ ಸುಣ್ಣದ ಅಂಶವಿದೆ, ಗ್ರಾನೈಟ್ ಎಂದು ಮಾರ್ಬಲ್ಲನ್ನೋ ಸುಣ್ಣಕಲ್ಲನ್ನೋ ತೋರಿಸುತ್ತಿದ್ದಾರೆ. ಕಡಪ ಕಲ್ಲು ಈ ಪರೀಕ್ಷೆಯಲ್ಲಿ ಸೋಲುತ್ತದೆ, ಏಕೆಂದರೆ ಅದು ಸುಣ್ಣಕಲ್ಲೇ. ಕೆಳಗಿನ ಶೆಲ್ಫಿಗೆ ಒಳ್ಳೆಯದು, ಮೇಲುಗಡೆಗೆ ಬೇಡ. ತುಂಡಿನ ಇನ್ನೊಂದು ಬದಿಯಲ್ಲಿ ಒಂದೊಂದು ಹನಿ ನೀರು, ಅಡುಗೆ ಎಣ್ಣೆ ಬಿಟ್ಟು 15 ನಿಮಿಷ ಕಾಯಿರಿ. ಒರೆಸಿದ ಮೇಲೂ ಕಪ್ಪಗಿನ ಮಚ್ಚೆ ಉಳಿದರೆ ಆ ಕಲ್ಲಿಗೆ ಸೀಲರ್, ಅಂದರೆ ಕಲ್ಲು ಹೀರದಂತೆ ತಡೆಯುವ ದ್ರವ, ಬೇಕು. ಉಳಿಯದಿದ್ದರೆ ಬೇಡ.

ಹಾಸಿನ ದಪ್ಪವನ್ನು ಮಾತಿನ ಮೇಲೆ ನಂಬಬೇಡಿ. ಅಂಚಿಗೆ ಟೇಪ್ ಹಿಡಿದು ಮೂರು ನಾಲ್ಕು ಕಡೆ ಅಳೆಯಿರಿ. ಕಟ್ಟೆಗೆ 18ರಿಂದ 20 ಮಿ.ಮೀ. ಇರಬೇಕು. 20 ಎಂದು ಮಾರಿದ್ದು ಒಂದು ತುದಿಯಲ್ಲಿ 16ಕ್ಕೆ ಇಳಿದಿರುವುದು ಅಪರೂಪವಲ್ಲ. 20 ಮಿ.ಮೀ. ಹಾಸು ಚದರ ಅಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ. 10 ಅಡಿ ಉದ್ದ, 2 ಅಡಿ ಅಗಲದ ಕಟ್ಟೆ ಎಂದರೆ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಅಷ್ಟು ಭಾರವನ್ನು ಮೂರನೇ ಮಹಡಿಗೆ ಹೊತ್ತೊಯ್ಯುವಾಗ ಹಾಸನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು. ಅಡ್ಡ ಮಲಗಿಸಿ ಹಿಡಿದರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯುತ್ತದೆ.

ಹಿಂಬದಿಯನ್ನೂ ತಿರುಗಿಸಿ ನೋಡಿ. ಫೈಬರ್ ಬಲೆ ಅಂಟಿಸಿದ್ದರೆ ಗಾಬರಿಯಾಗಬೇಕಿಲ್ಲ, ಒಳಗೆ ನೈಸರ್ಗಿಕ ಗೆರೆಗಳಿರುವ ಕಲ್ಲಿಗೆ ಅದು ಬಲ. ಆದರೆ ಅಂಥ ಕಲ್ಲಿನಲ್ಲಿ ಗ್ಯಾಸ್ ಹಾಬಿಗೆ (ಕಟ್ಟೆಯೊಳಗೇ ಕೂರಿಸುವ ಸ್ಟವ್) ದೊಡ್ಡ ಕಿಂಡಿ ಕೊರೆಸುವ ಯೋಚನೆ ಇದ್ದರೆ ಬೇರೆ ಕಲ್ಲು ಆರಿಸಿ. ಮೇಲ್ಮೈಯಲ್ಲಿ ಗೆರೆ ಕಂಡರೆ ಉಗುರು ಎಳೆದು ನೋಡಿ. ಉಗುರು ಜಾರಿ ಹೋದರೆ ಅದು ಕಲ್ಲಿನ ಹುಟ್ಟುಗೆರೆ. ಸಿಕ್ಕಿಹಾಕಿಕೊಂಡರೆ, ಅಥವಾ ಗೆರೆಯ ಆಚೀಚೆ ಕೂದಲೆಳೆಯಷ್ಟು ಏರುಪೇರಿದ್ದರೆ, ಅದು ಬಿರುಕು. ಹಾಸನ್ನು ನಿಲ್ಲಿಸಿ ಬೆರಳ ಗೆಣ್ಣಿನಲ್ಲಿ ತಟ್ಟಿದರೂ ಗೊತ್ತಾಗುತ್ತದೆ: ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಬಿರುಕಿನದು ಮಂದವಾಗಿ ಕೇಳುತ್ತದೆ.

ಕೂರಿಸುವ ದಿನ

ಮೇಸ್ತ್ರಿ ಬರುವ ದಿನ ಮನೆಯವರು ಯಾರಾದರೂ ಎದುರಿಗೆ ಇರುವುದು ಒಳ್ಳೆಯದು. ನೋಡಬೇಕಾದ್ದು ಹೆಚ್ಚೇನಿಲ್ಲ, ಆದರೆ ಆಮೇಲೆ ಯಾವುದನ್ನೂ ಸರಿಮಾಡಲು ಬರುವುದಿಲ್ಲ.

ಮೊದಲು ತಳ. ಇಟ್ಟಿಗೆ ಗೋಡೆಗಳ ಮೇಲೆ ಕಡಪ ಹಾಸಿಯೋ ಕಾಂಕ್ರೀಟ್ ಹಾಕಿಯೋ ಅದರ ಮೇಲೆ ಗ್ರಾನೈಟ್ ಕೂರಿಸುವ ನಮ್ಮ ಹಳೆಯ ಪದ್ಧತಿ ಗಟ್ಟಿಮುಟ್ಟಾದದ್ದು, ಗಾರೆ ಪೂರ್ತಿ ಹರಡಿದ್ದರೆ ಮಾತ್ರ. ನಾಲ್ಕು ಮೂಲೆಗೆ, ನಡುವೆ ಒಂದಿಷ್ಟು ಗಾರೆಯ ಉಂಡೆ ಇಟ್ಟು ಮೇಲೆ ಹಾಸು ಕೂರಿಸಿದರೆ ಉಂಡೆ ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ಮುಂದೊಂದು ದಿನ ಬೀಳುವ ಬಿರುಕು ಅಲ್ಲಿಂದಲೇ. ಕೂರಿಸಿದ ಮೇಲೆ ಉದ್ದಕ್ಕೂ ತಟ್ಟುತ್ತಾ ಹೋಗಿ. ಎಲ್ಲಿ ಡಬ್ ಡಬ್ ಎನ್ನುತ್ತದೋ ಅಲ್ಲಿ ಗಾರೆ ಇಲ್ಲ, ಗಾರೆ ಹಸಿಯಿರುವಾಗಲೇ ಎತ್ತಿಸಿ ತುಂಬಿಸಿ. ತಿಳಿಬಣ್ಣದ ಕಲ್ಲಾದರೆ ಸಾಧಾರಣ ಸಿಮೆಂಟ್ ಬದಲು ಬಿಳಿ ಬಣ್ಣದ ಟೈಲ್ ಅಂಟನ್ನೇ ಬಳಸಿಸಿ. ಬೂದು ಸಿಮೆಂಟಿನ ತೇವ ಕೆಳಗಿನಿಂದ ಏರಿ ಮೇಲೆ ಮೋಡದಂಥ ಮಚ್ಚೆ ಮೂಡಿಸುತ್ತದೆ, ಅದನ್ನು ಮೇಲಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮಾಡ್ಯುಲರ್ ಅಡುಗೆಮನೆಯಲ್ಲಿ ಪ್ಲೈವುಡ್ ಪೆಟ್ಟಿಗೆಗಳ ಮೇಲೆ ನೇರ ಕೂರಿಸುವುದಾದರೆ ಪೆಟ್ಟಿಗೆಗಳೆಲ್ಲ ಒಂದೇ ಮಟ್ಟದಲ್ಲಿರಬೇಕು. ಎರಡು ಪೆಟ್ಟಿಗೆಗಳ ನಡುವೆ 2 ಮಿ.ಮೀ. ಏರುಪೇರಿದ್ದರೂ ಹಾಸು ಅಲ್ಲಿ ಆಸರೆಯಿಲ್ಲದೆ ನಿಂತಿರುತ್ತದೆ. ಅಂಟಿಸಲು ಸಿಲಿಕೋನ್ ಬೇಕು, ಅದೂ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರುವುದು. ಟ್ಯೂಬ್ ಬಿಚ್ಚಿದೊಡನೆ ವಿನೆಗರ್ ವಾಸನೆ ಹೊಡೆಯುವ ಜಾತಿ ಗಾಜಿಗೆ ಸರಿ, ಕಲ್ಲಿಗೆ ಬೇಡ.

ಎರಡನೆಯದು ಕಿಂಡಿಗಳ ಮೂಲೆ, ಎಲ್ಲಕ್ಕಿಂತ ಮುಖ್ಯವಾದದ್ದು. ಸಿಂಕಿಗೂ ಹಾಬಿಗೂ ಕಿಂಡಿ ಕೊರೆಯುವಾಗ ಕಟಿಂಗ್ ಮಿಷಿನ್ನಿನ ಬ್ಲೇಡ್ ದುಂಡಗಿರುವುದರಿಂದ ಮೂಲೆ ತಲುಪಲು ಮೇಸ್ತ್ರಿ ಗೆರೆ ದಾಟಿ ಒಂದೆರಡು ಇಂಚು ಮುಂದಕ್ಕೆ ಕೊಯ್ದುಬಿಡುತ್ತಾನೆ. ಆ ಹೆಚ್ಚುವರಿ ಕೊಯ್ತ ಸಿಂಕಿನ ಅಂಚಿನ ಕೆಳಗೆ ಮುಚ್ಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಬಾಗುವ ಬಲವೆಲ್ಲ ಬಂದು ಸೇರುವುದು ಆ ಚೂಪು ತುದಿಗೇ. ಸರಿಯಾದ ವಿಧಾನ: ನಾಲ್ಕೂ ಮೂಲೆಗೆ ಮೊದಲು 12 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ವಜ್ರದ ಬಿಟ್‌ನಿಂದ ತೂತು ಕೊರೆದು, ತೂತಿನಿಂದ ತೂತಿಗೆ ಕೊಯ್ಯುವುದು. ಮೂಲೆ ದುಂಡಗಾಗಿ ಉಳಿಯುತ್ತದೆ, ಬಿರುಕಿಗೆ ಹಿಡಿಯಲು ತುದಿ ಸಿಗುವುದಿಲ್ಲ. ಈ ಒಂದು ಮಾತನ್ನು ಕೆಲಸ ಒಪ್ಪಿಸುವಾಗಲೇ ಹೇಳಿಬಿಡಿ.

ಹಾಬಿನ ಮುಂದೆ ಹಿಂದೆ ಉಳಿಯುವ ಪಟ್ಟಿಯೂ ಅಷ್ಟೇ ನಾಜೂಕು. 24 ಇಂಚು ಅಗಲದ ಕಟ್ಟೆಯಲ್ಲಿ 19 ಇಂಚು ಕಿಂಡಿ ತೆಗೆದರೆ ಎರಡೂ ಕಡೆ ಸೇರಿ ಉಳಿಯುವುದು 5 ಇಂಚು. ಮುಂದಿನ ಪಟ್ಟಿಯ ಅಡಿಗೆ ಉದ್ದಕ್ಕೂ ಒಂದು ಕಲ್ಲಿನ ಪಟ್ಟಿಯನ್ನೋ ಸ್ಟೀಲ್ ಪಟ್ಟಿಯನ್ನೋ ಅರಾಲ್ಡೈಟ್ (ಎಪಾಕ್ಸಿ ಅಂಟು) ಹಚ್ಚಿ ಅಂಟಿಸಬೇಕು. ಹಾಸುಗಳ ಸಂದು ಸಿಂಕಿನ ಮೇಲಾಗಲಿ ಹಾಬಿನ ಮೇಲಾಗಲಿ ಬರಬಾರದು, ಕೆಳಗೆ ಗೋಡೆ ಇರುವ ಕಡೆಯೇ ಬರಬೇಕು. ಕಟ್ಟೆಯ ಹೊರಚಾಚು 20 ಮಿ.ಮೀ. ಹಾಸಿಗೆ 6 ಇಂಚಿನವರೆಗೆ ಆಸರೆಯಿಲ್ಲದೆ ನಡೆಯುತ್ತದೆ. ಊಟಕ್ಕೆ ಕೂರಲೆಂದು ಒಂದಡಿ ಚಾಚಿಸುವುದಾದರೆ ಕೆಳಗೆ ಬ್ರ್ಯಾಕೆಟ್ ಕೊಡಲೇಬೇಕು.

ಕಟ್ಟೆಯ ಅಡಿಗೆ ಅಂಟಿಸುವ ಸಿಂಕ್ ನೋಡಲು ಚೆಂದ, ಒರೆಸಲು ಸಲೀಸು. ಆದರೆ ಬರೀ ಸಿಲಿಕೋನ್ ನಂಬಿ ನೇತುಹಾಕಿದರೆ ನೀರು ತುಂಬಿದ ಪಾತ್ರೆಗಳ ಭಾರಕ್ಕೆ ಒಂದು ದಿನ ಕೆಳಗಿಳಿಯುತ್ತದೆ. ಕೆಳಗೆ ಸ್ಟೀಲ್ ಆಂಗಲ್ ಚೌಕಟ್ಟು ಇರಲಿ. ಹಾಗೆಯೇ ಮುಂಭಾಗದ ನೋಸಿಂಗಿನ (ಹೊರಚಾಚಿದ ಅಂಚಿನ) ಅಡಿಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, 4 ಮಿ.ಮೀ. ಅಗಲದ ಗಾಡಿ, ಅಂದರೆ ಸಣ್ಣ ತೋಡು, ಒಂದನ್ನು ಉದ್ದಕ್ಕೂ ಹೊಡೆಸಿ. ಪಾತ್ರೆ ತೊಳೆಯುವಾಗ ಅಂಚಿನಿಂದ ಇಳಿಯುವ ನೀರು ಕಲ್ಲಿನಡಿಗೆ ಹರಿದು ಕಪಾಟಿನ ಬಾಗಿಲಿಗೆ ಹೋಗದೆ ಆ ಗಾಡಿಯಲ್ಲೇ ತಡೆದು ನೆಲಕ್ಕೆ ತೊಟ್ಟಿಕ್ಕುತ್ತದೆ. ಹತ್ತು ನಿಮಿಷದ ಕೆಲಸ, ಪ್ಲೈವುಡ್ ಉಳಿಯುತ್ತದೆ. ಅಂಚು ಹಾಫ್ ರೌಂಡ್ ಇದ್ದಷ್ಟೂ ಕ್ಷೇಮ. ಚೌಕ ಅಂಚು ಬೇಕೆನ್ನುವವರು ಕನಿಷ್ಠ 3 ಮಿ.ಮೀ. ಓರೆ ಹೊಡೆಸಲಿ, ಕುಕ್ಕರ್ ತಗುಲಿದಾಗ ಚಕ್ಕೆ ಏಳುವುದು ಚೂಪು ಅಂಚಿನಲ್ಲೇ.

ಕೊಯ್ಯುವುದು, ಪಾಲಿಶ್ ಮಾಡುವುದು ಮನೆಯೊಳಗೆ ನಡೆಯುವುದಾದರೆ ನೀರು ಹಾಕಿಯೇ ನಡೆಯಲಿ. ಒಣ ಕೊಯ್ತದ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಮತ್ತೆ ಹೊರಬರುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಅದು ಮೊದಲು ಕಾಡುವುದು ಆ ಕೆಲಸಗಾರನನ್ನೇ.

ದಿನದ ಬಳಕೆ

ಬಿಸಿ ಪಾತ್ರೆ ಇಟ್ಟರೆ ಗ್ರಾನೈಟ್ ಸುಡುವುದಿಲ್ಲ, ಬಣ್ಣಗೆಡುವುದಿಲ್ಲ. ಕಾರ್ಖಾನೆಯಲ್ಲಿ ರಾಳ ಬೆರೆಸಿ ಅಚ್ಚು ಹಾಕುವ ಕ್ವಾರ್ಟ್ಜ್ ಹಾಸಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ, ಅದರ ರಾಳಕ್ಕೆ ಒಲೆಯಿಂದ ಇಳಿಸಿದ ಬಾಣಲೆಯ ಕಾವು ತಡೆಯುವುದಿಲ್ಲ. ಗ್ರಾನೈಟಿಗೆ ಅಪಾಯ ಕಾವಿನಿಂದಲ್ಲ, ಒಂದೇ ಜಾಗ ಥಟ್ಟನೆ ಕಾದು ಪಕ್ಕದ ಜಾಗ ತಣ್ಣಗಿರುವುದರಿಂದ. ಖಾಲಿ ಕಾದ ದೋಸೆ ಹೆಂಚನ್ನು ಸಿಂಕಿನ ಪಕ್ಕದ ಒದ್ದೆ ಜಾಗದಲ್ಲಿ, ಅದೂ ಕಿಂಡಿಯ ಮೂಲೆಗೆ ಹತ್ತಿರ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಸಿಂಬಿ ಇಟ್ಟುಕೊಂಡರೆ ಈ ಚಿಂತೆಯೇ ಇಲ್ಲ.

ತೆಂಗಿನಕಾಯಿ ಕಟ್ಟೆಯ ಅಂಚಿಗೆ ಹೊಡೆದು ಒಡೆಯಬೇಡಿ. ಕಬ್ಬಿಣದ ಕುಟ್ಟಾಣಿಯಲ್ಲಿ ಶುಂಠಿ, ಏಲಕ್ಕಿ ಕುಟ್ಟುವಾಗ ಕೆಳಗೆ ಮಡಚಿದ ಬಟ್ಟೆ ಇಡಿ, ಗೋಡೆಯ ಆಸರೆ ಇರುವ ಜಾಗದಲ್ಲಿ ಕುಟ್ಟಿ, ಹಾಬಿನ ಪಟ್ಟಿಯ ಮೇಲಲ್ಲ. ಅಟ್ಟದಿಂದ ಡಬ್ಬಿ ಇಳಿಸಲು ಕಟ್ಟೆ ಹತ್ತುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಒಂದು ಕಾಲಿನ ಮೇಲೆ ಪೂರ್ತಿ ಭಾರ ಸಿಂಕಿನ ಮುಂದಿನ ಪಟ್ಟಿಗೆ ಬೀಳುವ ಗಳಿಗೆಯಲ್ಲಿ ಹಾಸು ಮುರಿದರೆ ಕಲ್ಲನ್ನು ದೂರಿ ಫಲವಿಲ್ಲ.

ಒರೆಸಲು ಬೇಕಾದ್ದು ಇಷ್ಟೇ: ಒಂದು ಲೀಟರ್ ಉಗುರುಬೆಚ್ಚಗಿನ ನೀರು, ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ, ಎರಡು ಮೈಕ್ರೋಫೈಬರ್ ಬಟ್ಟೆ. ಒಂದರಿಂದ ಸೋಪುನೀರಲ್ಲಿ ಒರೆಸಿ, ಅದನ್ನೇ ಜಾಲಿಸಿ ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ಎರಡನೆಯದರಿಂದ ಒಣಗಿಸಿ. ಸೋಪು ಹೆಚ್ಚಾದರೆ ಕೆಲಸ ಹೆಚ್ಚಾಗುವುದಿಲ್ಲ, ತೊಳೆಯದೆ ಉಳಿದ ಸೋಪು ದಿನದಿಂದ ದಿನಕ್ಕೆ ಪದರಗಟ್ಟಿ ಕಪ್ಪು ಕಲ್ಲಿನ ಮೇಲೆ ಮಂಜು ಮುಸುಕಿದಂತೆ ಕಾಣುತ್ತದೆ. ಪಾಲಿಶ್ ಹೋಯಿತು ಎಂದು ಜನ ಅಂದುಕೊಳ್ಳುವುದು ಹೆಚ್ಚಿನ ಸಲ ಈ ಪದರವನ್ನೇ ನೋಡಿ. ಒಂದು ಚಿಕ್ಕ ಜಾಗದಲ್ಲಿ ಸರ್ಜಿಕಲ್ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ. ಹೊಳಪು ಮರಳಿದರೆ ಹೋಗಿದ್ದು ಪಾಲಿಶ್ ಅಲ್ಲ. ಒರೆಸುವ ಮೊದಲು ಸ್ಟವ್ ಆರಿಸಿರಿ.

ಬೇಡವಾದವು. ಹಸಿರು ಸ್ಕ್ರಬ್ ಪ್ಯಾಡ್: ಹೆಚ್ಚಿನವುಗಳಲ್ಲಿ ಅಲ್ಯುಮಿನಿಯಂ ಆಕ್ಸೈಡ್ ಹರಳು ಇರುತ್ತದೆ, ಅದರ ಗಡಸುತನ 9. ಚಾಕುವಿಗೆ ಜಗ್ಗದ ಕಲ್ಲನ್ನು ಇದು ದಿನಕ್ಕಿಷ್ಟರಂತೆ ಸವೆಸಿ, ಸಿಂಕಿನ ಎದುರಿಗೆ ಒಂದು ಮಂಕು ವೃತ್ತ ಬಿಡುತ್ತದೆ. ಕಬ್ಬಿಣದ ನಾರು: ಅದರ ಚೂರುಗಳು ಸಂದಿಯಲ್ಲಿ ಕೂತು ತುಕ್ಕಾಗುತ್ತವೆ. ಟಾಯ್ಲೆಟ್ ತೊಳೆಯುವ ದ್ರವ, ಟೈಲ್ಸ್ ಆಸಿಡ್: ಇವುಗಳಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸಂದಿನ ಸಿಮೆಂಟ್ ತಿನ್ನುತ್ತದೆ, ಸ್ಟೀಲ್ ಸಿಂಕ್ ಕಲೆಗಟ್ಟಿಸುತ್ತದೆ, ತಿಳಿಬಣ್ಣದ ಕಲ್ಲಿನೊಳಗಿನ ಕಬ್ಬಿಣದಂಶವನ್ನು ಹಳದಿಯಾಗಿಸುತ್ತದೆ. ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲವಂತೂ ಕ್ವಾರ್ಟ್ಜನ್ನೇ ಕರಗಿಸಬಲ್ಲದು, ಚರ್ಮಕ್ಕೂ ಭಾರಿ ಅಪಾಯ, ಮನೆಯೊಳಗೆ ತರಲೇಬೇಡಿ. ಕೊಬ್ಬರಿ ಎಣ್ಣೆ ಸವರಿ ಹೊಳಪಿಸುವುದೂ ಬೇಡ, ಒಂದು ದಿನ ಮಿರುಗಿ ಮರುದಿನದಿಂದ ದೂಳು ಹಿಡಿದು ಅಂಟಂಟಾಗುತ್ತದೆ.

ನಿಂಬೆ, ಹುಣಸೆ, ಮೊಸರಿನ ಬಗ್ಗೆ ಮಾತ್ರ ಇಷ್ಟು ಭಯ ಬೇಕಿಲ್ಲ. ಅದೇ ಕಲ್ಲಿನ ರುಬ್ಬುಗುಂಡು ತಲೆಮಾರುಗಟ್ಟಲೆ ಹುಣಸೆ, ಉಪ್ಪು, ಖಾರ ತಡೆದಿದೆ. ಚೆಲ್ಲಿದ್ದನ್ನು ಆಗಾಗಲೇ ಒರೆಸಿದರೆ ಸಾಕು. ರಾತ್ರಿಯಿಡೀ ನಿಂತರೆ ಕಲ್ಲಿಗಿಂತ ಮೊದಲು ಕೆಡುವುದು ಮೇಲಿನ ಸೀಲರ್.

ನಲ್ಲಿಯ ಸುತ್ತ ಬಿಳಿ ಪದರ

ಬೋರ್‌ವೆಲ್ ನೀರಿನ ಮನೆಗಳಲ್ಲಿ ಎಲ್ಲರದೂ ಇದೇ ದೂರು. ನೀರು ಆರಿ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಗಡಸುತನದಲ್ಲಿ 3. ಶೇವಿಂಗ್ ಬ್ಲೇಡಿನ ಉಕ್ಕು ಅದಕ್ಕಿಂತ ಗಟ್ಟಿ, ಕಲ್ಲಿಗಿಂತ ಮೆತ್ತಗೆ. ಹಾಗಾಗಿ ಬ್ಲೇಡೇ ಇದಕ್ಕೆ ತಕ್ಕ ಸಾಧನ, ವಿನೆಗರ್ ಅಲ್ಲ. ಬಿಳಿ ಪದರದ ಮೇಲೆ ಸೋಪುನೀರಿನ ಬಟ್ಟೆ ಹಾಸಿ 20 ನಿಮಿಷ ನೆನೆಸಿ. ಹೊಸ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ, ಕಲ್ಲಿಗೆ 20ರಿಂದ 30 ಡಿಗ್ರಿ ಓರೆಯಾಗಿ ಹಿಡಿದು, ಒಂದೇ ದಿಕ್ಕಿಗೆ ಮುಂದಕ್ಕೆ ತಳ್ಳಿ. ಹಿಂದಕ್ಕೆ ಎಳೆಯಬೇಡಿ, ಅಡಿಗೆ ಸಿಕ್ಕ ಮರಳಿನ ಕಣ ಗೀರುತ್ತದೆ. ಪದರ ಸಣ್ಣ ಸಣ್ಣ ಹುಡಿಯಾಗಿ ಏಳುತ್ತದೆ. ಬ್ಲೇಡ್ ತುದಿ ಮಡಚಿದ್ದು ಕಂಡರೆ ಬದಲಿಸಿ. ಕೊನೆಗೆ ಉಳಿಯುವ ತೆಳು ಮಬ್ಬಿಗೆ ಅಡುಗೆ ಸೋಡದ ಪೇಸ್ಟ್ ಹಚ್ಚಿ ಬಟ್ಟೆಯಿಂದ ದುಂಡಗೆ ತಿಕ್ಕಿ ತೊಳೆಯಿರಿ. ತೆಗೆದ ಮೇಲೆ ರಾತ್ರಿ ಮಲಗುವ ಮುನ್ನ ನಲ್ಲಿಯ ಬುಡ ಒಣಗಿಸಿಡಿ, ಪದರ ಕೂರಲು ನಿಂತ ನೀರು ಬೇಕು. ನಲ್ಲಿಯ ಬುಡ ಜಿನುಗುತ್ತಿದ್ದರೆ ಮೊದಲು ವಾಷರ್ ಹಾಕಿಸಿ, ಆಮೇಲೆ ಕಲ್ಲು ತಿಕ್ಕಿ.

ಕಲೆ ಒಳಗಿಳಿದಿದ್ದರೆ

ಮೊದಲು ಅದು ನಿಜಕ್ಕೂ ಕಲೆಯೇ, ನೀರಿನ ತೇವವೇ ಎಂದು ತಿಳಿಯಬೇಕು. ಎರಡೂ ಕಲ್ಲನ್ನು ಕಪ್ಪಾಗಿಸುತ್ತವೆ. ಒಂದು ದಿನ ಆ ಜಾಗ ಮುಟ್ಟದೆ ಫ್ಯಾನ್ ಹಾಕಿ ಬಿಡಿ. ತೇವವಾದರೆ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಮಾಯವಾಗುತ್ತದೆ. ಎಣ್ಣೆಯಾದರೆ ಇದ್ದಂತೆ ಇರುತ್ತದೆ. ಎಣ್ಣೆ ಕ್ಯಾನ್ ಇಡುವ ಜಾಗದಲ್ಲಿ ಬಳೆಯಾಕಾರದ ಗುರುತು, ದೇವರ ದೀಪದ ಸುತ್ತ ಹರಡಿದ ಮಚ್ಚೆ, ಇವು ಹೆಚ್ಚಾಗಿ ಕಾಣುವವು. ಸಿಂಕಿನ ಸುತ್ತ ಪ್ರತಿ ಸಲ ತೇವ ಮರಳುತ್ತಿದ್ದರೆ ನೀರು ಕೆಳಗಿನಿಂದ ಬರುತ್ತಿದೆ, ಸಿಂಕಿನ ಸಂದು ನೋಡಿಸಿ.

ಒಳಗಿಳಿದ ಎಣ್ಣೆಯನ್ನು ತಿಕ್ಕಿ ತೆಗೆಯಲಾಗದು, ಹೀರಿ ತೆಗೆಯಬೇಕು. ಅಂಗೈಯಗಲದ ಕಲೆಗೆ ಹೀಗೆ ಮಾಡಿ:

1. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆಯಿರಿ. ಅಸಿಟೋನಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಕೈಗೆ ಗ್ಲೌಸ್ ಇರಲಿ.
2. ಗಾಜು ಅಥವಾ ಸ್ಟೀಲ್ ಬಟ್ಟಲಲ್ಲಿ 4 ದೊಡ್ಡ ಚಮಚ ಅಡುಗೆ ಸೋಡಕ್ಕೆ ಅಸಿಟೋನ್ ಹನಿಸುತ್ತಾ ಗಟ್ಟಿ ಚಟ್ನಿಯ ಹದಕ್ಕೆ ಕಲೆಸಿ. ಪ್ಲಾಸ್ಟಿಕ್ ಬಟ್ಟಲು ಕರಗೀತು.
3. ಕಲೆಯ ಮೇಲೆ, ಅದರ ಅಂಚಿನಿಂದ ಅರ್ಧ ಇಂಚು ಹೊರಗೂ ಬರುವಂತೆ, 6ರಿಂದ 10 ಮಿ.ಮೀ. ದಪ್ಪ ಬಳಿಯಿರಿ. ಹಾಸಿನ ಸಂದಿಗೆ ತಾಗದಿರಲಿ, ಅಲ್ಲಿನ ಅಂಟು ಮೆತ್ತಗಾಗುತ್ತದೆ.
4. ಪ್ಲಾಸ್ಟಿಕ್ ಹಾಳೆ ಮುಚ್ಚಿ ಸುತ್ತ ಟೇಪ್ ಹಾಕಿ, ಸೂಜಿಯಿಂದ ನಾಲ್ಕೈದು ತೂತು ಚುಚ್ಚಿ 24 ಗಂಟೆ ಬಿಡಿ.
5. ಹಾಳೆ ತೆಗೆದು ಪೇಸ್ಟ್ ಪೂರ್ತಿ ಒಣಗಲು ಬಿಡಿ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ, ಏಕೆಂದರೆ ಎಣ್ಣೆ ಮೇಲಕ್ಕೆ ಬರುವುದು ಪೇಸ್ಟ್ ಒಣಗುವಾಗಲೇ.
6. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದು, ಸೋಪುನೀರಲ್ಲಿ ಒರೆಸಿ, ಒಂದು ದಿನ ಒಣಗಿಸಿ ನೋಡಿ.

ಹಳೆಯ ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ; ತಿಳಿಯಾಗಿದ್ದರೆ ದಾರಿ ಸರಿಯಿದೆ ಎಂದರ್ಥ, ಮತ್ತೆ ಮಾಡಿ. ಅಸಿಟೋನ್ ಬೇಡವೆನಿಸಿದರೆ ಸೋಡ, ನೀರು, ನಾಲ್ಕು ಹನಿ ಪಾತ್ರೆ ದ್ರವ ಬೆರೆಸಿಯೂ ಮಾಡಬಹುದು, ನಿಧಾನ ಅಷ್ಟೇ.

ಅರಿಶಿನದ ಕಲೆ ಬೇರೆ ಜಾತಿ. ಅದಕ್ಕೆ ಸೋಡ ಹಚ್ಚಿದೊಡನೆ ಕಲೆ ರಕ್ತಗೆಂಪಾಗುತ್ತದೆ, ಹಚ್ಚಿದವರ ಎದೆ ಧಸಕ್ಕೆನ್ನುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುವಾಗ ನಡೆಯುವುದೂ ಇದೇ: ಕ್ಷಾರ ಸೇರಿದರೆ ಅರಿಶಿನ ಕೆಂಪಾಗುತ್ತದೆ. ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ, ಏನೂ ಕೆಟ್ಟಿಲ್ಲ. ಅರಿಶಿನ, ಚಹಾ, ಕಾಫಿ ಕಲೆಗೆ ಬೇಕಾದ್ದು ಮೆಡಿಕಲ್ ಸ್ಟೋರಿನ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್, ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿರುತ್ತದೆ. ಕಾಗದದ ಟಿಶ್ಯೂ ನಾಲ್ಕು ಮಡಿಕೆ ಮಾಡಿ ಅದರಲ್ಲಿ ತೋಯಿಸಿ ಕಲೆಯ ಮೇಲಿಟ್ಟು, ಸಡಿಲವಾಗಿ ಪ್ಲಾಸ್ಟಿಕ್ ಹೊದಿಸಿ ಕೆಲವು ಗಂಟೆ ಬಿಡಿ. ತಿಳಿಬಣ್ಣದ ಕಲ್ಲಿಗೆ ಮಾತ್ರ ಇದು. ಕಪ್ಪಿನ ಮೇಲೆ ಅರಿಶಿನ ಹೇಗೂ ಕಾಣುವುದಿಲ್ಲ. ಒಂದು ಎಚ್ಚರಿಕೆ: ಅಸಿಟೋನನ್ನೂ ಪೆರಾಕ್ಸೈಡನ್ನೂ ಎಂದೂ ಒಂದೇ ಬಟ್ಟಲಲ್ಲಿ, ಒಂದೇ ಜಾಗದಲ್ಲಿ ಬೆರೆಸಬೇಡಿ. ಅವೆರಡು ಸೇರಿದರೆ ಸ್ಫೋಟಿಸುವ ವಸ್ತು ಹುಟ್ಟಬಹುದು. ಅಸಿಟೋನ್ ಹಾಕಿದ ಜಾಗ ತೊಳೆದು ಒಣಗಿ ದಿನ ಕಳೆದ ಮೇಲಷ್ಟೇ ಇನ್ನೊಂದು.

ಸೀಲರ್

ಹನಿ ಪರೀಕ್ಷೆಯಲ್ಲಿ ಮಚ್ಚೆ ಉಳಿದ ಕಲ್ಲಿಗೆ ಮಾತ್ರ ಸೀಲರ್ ಹಾಕಿ. ಕೊಳ್ಳಬೇಕಾದ್ದು ಕಲ್ಲಿನೊಳಗೆ ಇಳಿಯುವ ಜಾತಿ, ಮೇಲೆ ಪೊರೆಗಟ್ಟುವ ವಾರ್ನಿಷ್ ಜಾತಿ ಅಲ್ಲ. 30 ಚದರ ಅಡಿಯ ಕಟ್ಟೆಗೆ ಕಾಲು ಲೀಟರ್ ಧಾರಾಳ. ಕಟ್ಟೆ ತೊಳೆದು 24 ಗಂಟೆ ಒಣಗಿಸಿ, ಸ್ಟವ್ ಮುಟ್ಟದೆ, ಕಿಟಕಿ ತೆರೆದು, ಎರಡೆರಡು ಅಡಿಯ ತುಣುಕಾಗಿ ಬಟ್ಟೆಯಿಂದ ಹಚ್ಚುತ್ತಾ ಹೋಗಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 15 ನಿಮಿಷ, ಬಿಟ್ಟು ಮೇಲುಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಸೀಲರ್ ಕೆಲಸ ಮಾಡುವುದು ಒಳಗಿಳಿದಷ್ಟೇ. ಮೇಲೆ ಬಿಟ್ಟದ್ದು ಒಣಗಿ ಗೆರೆಗೆರೆ ಮಬ್ಬಾಗುತ್ತದೆ. ಹಾಗಾದರೆ ಅದೇ ಸೀಲರ್ ಮತ್ತೊಮ್ಮೆ ತೆಳುವಾಗಿ ಹಚ್ಚಿ ಒಡನೆಯೇ ಉಜ್ಜಿದರೆ ಹಳೆಯದು ಕರಗಿ ಬರುತ್ತದೆ. ಒಂದು ದಿನ ನೀರು ತಾಗಿಸಬೇಡಿ. ದಟ್ಟ ಕಪ್ಪು ಕಲ್ಲಿಗೆ ಸೀಲರ್ ಹಾಕಿಸಿ ಮಬ್ಬು ತರಿಸಿಕೊಳ್ಳುವುದು ದುಡ್ಡು ಕೊಟ್ಟು ತಂದುಕೊಳ್ಳುವ ತೊಂದರೆ. ವರ್ಷಕ್ಕೊಮ್ಮೆ ಹಾಕಲೇಬೇಕು ಎಂಬ ನಿಯಮವೂ ಇಲ್ಲ. ಆರು ತಿಂಗಳಿಗೊಮ್ಮೆ ಹನಿ ಪರೀಕ್ಷೆ ಮಾಡಿ, ಕಲ್ಲು ಕೇಳಿದಾಗ ಹಾಕಿ.

ಚಕ್ಕೆ, ಸಂದು, ಬಿರುಕು

ಅಂಚಿನಲ್ಲಿ ಚಕ್ಕೆ ಎದ್ದರೆ ಬಿದ್ದ ಚೂರನ್ನು ಎಸೆಯಬೇಡಿ. ಎರಡೂ ಕಡೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ಅರಾಲ್ಡೈಟ್ ಹಚ್ಚಿ ಕೂರಿಸಿ, ಟೇಪ್ ಬಿಗಿದು 24 ಗಂಟೆ ಬಿಡಿ. ಚೂರು ಸಿಗದಿದ್ದರೆ ಯಾರ್ಡಿನಿಂದ ತಂದ ತುಂಡನ್ನು ನುಣ್ಣಗೆ ಕುಟ್ಟಿ ಆ ಪುಡಿಯನ್ನು ಅರಾಲ್ಡೈಟಿಗೆ ಕಲೆಸಿ, ಹಳ್ಳಕ್ಕಿಂತ ಕೂದಲೆಳೆ ಎತ್ತರಕ್ಕೆ ತುಂಬಿ. ಮರುದಿನ ಬ್ಲೇಡನ್ನು ಕಲ್ಲಿಗೆ ಒತ್ತಿ ಹಿಡಿದು ಉಬ್ಬನ್ನು ತೆಳುತೆಳುವಾಗಿ ಸವರಿ ಮಟ್ಟ ಮಾಡಿ. ಕಪ್ಪು ಕಲ್ಲಿನಲ್ಲಿ ಗುರುತೇ ಸಿಗುವುದಿಲ್ಲ, ತಿಳಿಬಣ್ಣದಲ್ಲಿ ಹುಡುಕಿದರೆ ಕಾಣುತ್ತದೆ.

ಕಟ್ಟೆ ಮತ್ತು ಗೋಡೆ ಟೈಲ್ಸ್ ಕೂಡುವ ಸಂದಿನಲ್ಲಿ ಬಿಳಿ ಸಿಮೆಂಟ್ ತುಂಬಿಸಿದ್ದರೆ ಅದು ಒಂದೆರಡು ವರ್ಷದಲ್ಲಿ ಬಿರಿದು ಇರುವೆ, ಜಿರಳೆಗೆ ದಾರಿಯಾಗುತ್ತದೆ. ಬ್ಲೇಡಿನಿಂದ ಕೆರೆದು ತೆಗೆದು, ಎರಡು ದಿನ ಒಣಗಿಸಿ, ಮೇಲೆ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬೂಸ್ಟು ತಡೆಯುವ ನ್ಯೂಟ್ರಲ್ ಸಿಲಿಕೋನ್ ತುಂಬಿ, ಸೋಪುನೀರು ಅದ್ದಿದ ಬೆರಳಲ್ಲಿ ಒಂದೇ ಎಳೆತಕ್ಕೆ ನೇವರಿಸಿ. ಸಿಲಿಕೋನ್ ಹಸಿಯಿರುವಾಗಲೇ ಟೇಪ್ ಎಳೆದುಬಿಡಿ, ಒಣಗಿದ ಮೇಲೆ ಎಳೆದರೆ ಅಂಚು ಹರಿಯುತ್ತದೆ.

ಬಿರುಕು ಬಿದ್ದರೆ ಮೊದಲು ಅದು ಬೆಳೆಯುತ್ತಿದೆಯೇ ನೋಡಿ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆಯಿಂದ ಗುರುತು ಹಾಕಿ, ದಿನಾಂಕ ಬರೆದ ಟೇಪ್ ಅಂಟಿಸಿ ಒಂದು ತಿಂಗಳು ಬಿಡಿ. ಗುರುತು ದಾಟದಿದ್ದರೆ ತೆಳು ಎಪಾಕ್ಸಿ ಇಳಿಸಿ ಮುಚ್ಚಬಹುದು. ದಾಟಿದ್ದರೆ ಕೆಳಗೆ ಆಸರೆ ತಪ್ಪಿದೆ. ಆಸರೆ ಕೊಡದೆ ಮೇಲೆ ಎಷ್ಟು ಅಂಟು ತುಂಬಿದರೂ ಪಕ್ಕದಲ್ಲೇ ಮತ್ತೊಂದು ಸೀಳು ಬರುತ್ತದೆ. ಹಾಬಿನ ಪಟ್ಟಿ ಪೂರ್ತಿ ತುಂಡಾಗಿದ್ದರೆ ಇಡೀ ಕಟ್ಟೆ ಕೀಳುವ ಅಗತ್ಯ ಹೆಚ್ಚಿನ ಸಲ ಇರುವುದಿಲ್ಲ. ಹಾಬ್ ಎತ್ತಿ, ಮುರಿದೆರಡು ಬದಿ ಶುಚಿಮಾಡಿ ಎಪಾಕ್ಸಿ ತುಂಬಿ, ಅಡಿಗೆ ಬಿರುಕಿನ ಆಚೀಚೆ ಕನಿಷ್ಠ 6 ಇಂಚು ಚಾಚುವಂತೆ ಸ್ಟೀಲ್ ಪಟ್ಟಿ ಅಂಟಿಸಿ, ಒಣಗುವ ತನಕ ಕೆಳಗಿನಿಂದ ಮರದ ಆಸರೆ ಕೊಟ್ಟು ನಿಲ್ಲಿಸಿದರೆ ಗಟ್ಟಿಯಾಗುತ್ತದೆ.

ಹೊಳಪು ನಿಜಕ್ಕೂ ಸವೆದಿದ್ದರೆ ಪಾಲಿಶ್ ಪುಡಿ, ಮೇಣ ಯಾವುದೂ ಕೆಲಸಕ್ಕೆ ಬರುವುದಿಲ್ಲ. ವಜ್ರದ ಪ್ಯಾಡುಗಳನ್ನು ನೀರು ಹಾಕುತ್ತಾ 200, 400, 800, 1500, 3000 ಹೀಗೆ ಒಂದನ್ನೂ ಬಿಡದೆ ಏರಿಸುತ್ತಾ ಹೋಗಬೇಕು. ನಡುವೆ ಒಂದು ಪ್ಯಾಡ್ ಹಾರಿಸಿದರೆ ಹಿಂದಿನ ಪ್ಯಾಡಿನ ಗೀರುಗಳು ಉಳಿದು, ಬೆಳಕು ಓರೆಯಾಗಿ ಬಿದ್ದಾಗ ಸುಳಿಸುಳಿಯಾಗಿ ಕಾಣುತ್ತವೆ. ಇದು ಕೈಪಳಗಿದವರ ಕೆಲಸ. ಕರೆಸಿದಾಗ ಮೊದಲು ಸ್ಟವ್ ಹಿಂದಿನ ಅಡಗು ಮೂಲೆಯಲ್ಲಿ ಒಂದಡಿ ಮಾಡಿ ತೋರಿಸಲು ಹೇಳಿ. ಒಣಗಿದ ಮೇಲೆ ಬಲ್ಬಿನ ಪ್ರತಿಬಿಂಬ ಅಲ್ಲಿ ಸ್ಪಷ್ಟ ಅಂಚಿನೊಂದಿಗೆ ಕಂಡರೆ ಉಳಿದದ್ದನ್ನು ಒಪ್ಪಿಸಿ.